ಫ್ರಾಂಕ್ ಕ್ರಾಕರನ ಅಮೃತಶಿಲೆಯ ಪಾನಗೃಹ

ಲಂಡನ್ನಿನ ಅಬರ್ಡೀನ್ ಪ್ಲೇಸ್ ರಸ್ತೆಯ ಕ್ರೌನ್ ಹೋಟೆಲನ್ನು 1898ರಲ್ಲಿ ಕಟ್ಟಿಸಿದ ಫ್ರಾಂಕ್ ಕ್ರಾಕರ್ ಒಬ್ಬ ಪರವಾನಗಿದಾರ, ಅಂದರೆ ಮದ್ಯ ಮಾರುವ ಅನುಮತಿಯನ್ನು ಮ್ಯಾಜಿಸ್ಟ್ರೇಟರಿಂದ ತನ್ನ ಹೆಸರಿನಲ್ಲಿ ಪಡೆದು, ಪಾನಗೃಹದ ಶಿಸ್ತಿಗೂ ತಾನೇ ಹೊಣೆಯಾಗಿದ್ದವನು. ವಾಸ್ತುಶಿಲ್ಪಿ ವರ್ಲಿ ರೂಪಿಸಿದ ಈ ಕಟ್ಟಡದ ನಿಜವಾದ ವೈಭವವಿರುವುದು ಸಲೂನಿನಲ್ಲಿ, ಎಂದರೆ ತುಸು ಹೆಚ್ಚು ಬೆಲೆ ತೆರಬಲ್ಲ ಗಿರಾಕಿಗಳಿಗೆಂದು ಮೀಸಲಾಗಿದ್ದ ಕೋಣೆಯಲ್ಲಿ. ಅಲ್ಲಿನ ಅಮೃತಶಿಲೆಯ ಕಂಬಗಳು, ಕಮಾನುಗಳು, ಅಗ್ಗಿಷ್ಟಿಕೆ ಹಾಗೂ ಗಾರೆಯ ಅಲಂಕೃತ ಚಾವಣಿ ಸಾಮಾನ್ಯ ಪಾನಗೃಹಕ್ಕೂ ಅರಮನೆಯ ಘನತೆ ಸಲ್ಲುತ್ತದೆಂದು ನಂಬಿದ ಕುಶಲಕರ್ಮಿಗಳ ಸಾಧನೆಯಾಗಿದ್ದು, ವಿಕ್ಟೋರಿಯಾ ಯುಗದ ಕೊನೆಯ ವರ್ಷಗಳ ಪಾನಗೃಹಗಳಲ್ಲಿ ಇದಕ್ಕೆ ಸರಿಸಾಟಿಯಾದವು ಬಹಳ ಕಡಿಮೆ.

ರೈಲು ನಿಲ್ದಾಣ ಎದುರಿಗೇ ಬರುತ್ತದೆಂದು ನಂಬಿ ಕ್ರಾಕರ್ ಹಣ ಸುರಿದನು, ಅದು ಮೇರಿಲೆಬೋನ್‌ಗೆ ಹೋದಾಗ ಕಿಟಕಿಯಿಂದ ಹಾರಿ ಸತ್ತನು ಎಂಬ ದಂತಕಥೆಯನ್ನು ಒಪ್ಪಲಾಗದು. ಮೇರಿಲೆಬೋನ್‌ಗೆ ಹೋಗುವ ಆ ರೈಲುಮಾರ್ಗಕ್ಕೆ ಸಂಸತ್ತು, ಕಟ್ಟಡ ಏಳುವ ಮೊದಲೇ, 1893ರಲ್ಲಿ ಒಪ್ಪಿಗೆ ನೀಡಿತ್ತು, ಆತ ತೀರಿಕೊಂಡದ್ದು 1904ರಲ್ಲಿ, ಸಹಜವಾಗಿ. ಆದರೂ 1987ರಲ್ಲಿ ಕಟ್ಟಡಕ್ಕೆ ‘ಕ್ರಾಕರ್ಸ್ ಫಾಲಿ’, ಅಂದರೆ ಕ್ರಾಕರನ ಮರುಳುತನ, ಎಂಬ ಹೆಸರನ್ನೇ ಇಟ್ಟದ್ದು ಆ ಕಸುಬುದಾರನಿಗಾದ ಅನ್ಯಾಯ. 2004ರಲ್ಲಿ ಮುಚ್ಚಿ ದಶಕದಷ್ಟು ಕಾಲ ಪಾಳುಬಿದ್ದಿದ್ದ ಕಟ್ಟಡವು ಜೀರ್ಣೋದ್ಧಾರಗೊಂಡು 2014ರಲ್ಲಿ ಭೋಜನಗೃಹವಾಗಿ ಮತ್ತೆ ತೆರೆಯಿತು.