ಶೇಷದ ಲೆಕ್ಕ: ಕೈಪಿಡಿಗಳು ಬಿಟ್ಟುಬಿಟ್ಟ ಷರತ್ತು

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ದಿನಪತ್ರಿಕೆಯಲ್ಲಿ ಹುಡುಕುವ ಸಂಖ್ಯೆಗಳಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟವೂ ಒಂದು. 1964ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಈ ಸಂಖ್ಯೆಯನ್ನು 4, 5, 7, 13ರಿಂದ ಭಾಗಿಸಿ ನೋಡಿ. ಕ್ರಮವಾಗಿ 3, 4, 6, 12 ಶೇಷ ಉಳಿಯುತ್ತದೆ. ಪ್ರತಿ ಸಲವೂ ಭಾಜಕಕ್ಕಿಂತ ಒಂದು ಕಡಿಮೆ. ಇನ್ನೊಂದು ಅಡಿ ಸೇರಿದರೆ 1,820. ಅದು 4 × 5 × 7 × 13. ಶೇಷಗಳ ಗುಟ್ಟು ಇಷ್ಟೇ.

ಇದನ್ನೇ ತಿರುಗಿಸಿ, ‘ಈ ಶೇಷಗಳನ್ನು ಉಳಿಸುವ ಕನಿಷ್ಠ ಸಂಖ್ಯೆ ಯಾವುದು?’ ಎಂದು ಕೇಳಿದರೆ ಅದು ಸ್ಪರ್ಧಾತ್ಮಕ ಪರೀಕ್ಷೆಗಳ ಚಿರಪರಿಚಿತ ಪ್ರಶ್ನೆ. ವಿದ್ಯಾರ್ಥಿಯೊಬ್ಬ ತಂದುಕೊಟ್ಟ ಮೂರು ಕೈಪಿಡಿಗಳನ್ನು ಈಚೆಗೆ ತಿರುವಿಹಾಕಿದೆ. ಮೂರರಲ್ಲೂ ಒಂದೇ ‘ಶಾರ್ಟ್‌ಕಟ್’: ಭಾಜಕಗಳ ಲ.ಸಾ.ಅ. ತೆಗೆದು ಒಂದು ಕಳೆಯಿರಿ. ಉತ್ತರ ಸರಿಯೇ. ಆದರೆ ಒಂದನ್ನೇ ಏಕೆ ಕಳೆಯಬೇಕು ಎಂಬುದಕ್ಕೆ ಒಂದು ಸಾಲಿನ ವಿವರಣೆಯೂ ಇಲ್ಲ.

ಈಗ ಪ್ರಶ್ನೆಯನ್ನು ತುಸು ಬದಲಿಸೋಣ. 4, 5, 7ರಿಂದ ಭಾಗಿಸಿದಾಗ 3, 4, 3 ಶೇಷ ಬರಬೇಕು. ಶಾರ್ಟ್‌ಕಟ್ ಇಲ್ಲಿ ಕೈಕೊಡುತ್ತದೆ. ಅರ್ಥ ತಿಳಿದವನಿಗೆ ಮಾತ್ರ ದಾರಿ ಇದೆ. ಮೊದಲ ಎರಡು ಷರತ್ತುಗಳನ್ನು ಪೂರೈಸುವ ಸಂಖ್ಯೆಗಳು 19, 39, 59, 79... ಇವುಗಳನ್ನು 7ರಿಂದ ಭಾಗಿಸಿದರೆ 5, 4, 3, 2... ಶೇಷ. ಉತ್ತರ 59. ಅರ್ಧ ನಿಮಿಷವೂ ಬೇಡ.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ದೋಷ ಹೆಚ್ಚು ಗಂಭೀರ. ಒಂದು ಸಂಖ್ಯೆಯನ್ನು 296ರಿಂದ ಭಾಗಿಸಿದಾಗ 75 ಉಳಿದರೆ, 37ರಿಂದ ಭಾಗಿಸಿದಾಗ ಉಳಿಯುವುದೆಷ್ಟು? ‘ಮೊದಲ ಶೇಷವನ್ನೇ ಎರಡನೆಯ ಭಾಜಕದಿಂದ ಭಾಗಿಸಿ’ ಎನ್ನುತ್ತವೆ ಕೈಪಿಡಿಗಳು, ಉತ್ತರ 1. ಇದು ಸರಿಹೋಗಲು ಕಾರಣ, 296 ಎಂಬುದು 37ರ ಎಂಟು ಪಟ್ಟು. ಆ ಷರತ್ತನ್ನು ಯಾವ ಕೈಪಿಡಿಯೂ ಹೇಳಿಲ್ಲ. 20ರಿಂದ ಭಾಗಿಸಿದಾಗ 11 ಉಳಿಯುವ ಸಂಖ್ಯೆಯನ್ನು 8ರಿಂದ ಭಾಗಿಸಿದರೆ? ಸೂತ್ರದ ಪ್ರಕಾರ 3. ಆದರೆ 31ನ್ನು ತೆಗೆದುಕೊಳ್ಳಿ: 20ರಿಂದ 11 ಉಳಿಯುತ್ತದೆ, 8ರಿಂದ 7! ‘ನಿರ್ಧರಿಸಲಾಗದು’ ಎಂಬುದೇ ಸರಿಯುತ್ತರ. ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುವ ಬ್ಯಾಂಕ್ ಪರೀಕ್ಷೆಯಲ್ಲಿ ಹೀಗೆ ಎಡವಿದ ಅಭ್ಯರ್ಥಿ ತನ್ನ ತಪ್ಪೇನೆಂದು ಎಂದೂ ಅರಿಯಲಾರ.

ನಗರದ ವಿದ್ಯಾರ್ಥಿಗೆ ಕೇಳಲು ಯಾರಾದರೂ ಸಿಗುತ್ತಾರೆ. ಶರಾವತಿ ಹಿನ್ನೀರಿನ ಆಚೆ ಇರುವವನಿಗೆ ಕೈಪಿಡಿಯೇ ಗುರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆದ ಮೇಲೆ ಲಾಂಚ್‌ಗಾಗಿ ಕಾಯುವುದು ತಪ್ಪಿದೆ, ನಿಜ. ಆದರೆ ಪುಸ್ತಕ ಬಿಟ್ಟ ಷರತ್ತನ್ನು ಯಾವ ಸೇತುವೆಯೂ ತಂದುಕೊಡದು.

ಕೊಟ್ಟಿರುವ ನಾಲ್ಕು ಉತ್ತರಗಳನ್ನೇ ಒಂದೊಂದಾಗಿ ಭಾಗಿಸಿ ನೋಡುವ ಉಪಾಯವನ್ನು ನಾನು ಹಳಿಯುವುದಿಲ್ಲ. ಸಮಯ ಕಡಿಮೆಯಿದ್ದರೆ ನಾನೂ ಹಾಗೆಯೇ ಮಾಡುತ್ತೇನೆ. ಆದರೆ ಅದು ಉತ್ತರವನ್ನು ತಾಳೆ ನೋಡುವ ಕ್ರಮ, ಕಂಡುಹಿಡಿಯುವ ಕ್ರಮವಲ್ಲ.

ಕಂಡುಹಿಡಿಯುವ ಕ್ರಮ ನಮಗೆ ಹೊಸತೂ ಅಲ್ಲ. ಎರಡು ಭಾಜಕ, ಎರಡು ಶೇಷ ಕೊಟ್ಟು ಸಂಖ್ಯೆಯನ್ನು ಕೇಳುವ ಲೆಕ್ಕವನ್ನು ಬಿಡಿಸುವ ವಿಧಾನ ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದೆ. ಮುಂದೆ ಅದಕ್ಕೆ ‘ಕುಟ್ಟಕ’ ಎಂಬ ಹೆಸರು ಬಂತು. ಕನ್ನಡದ ‘ಕುಟ್ಟು’ ನೆನಪಿಸಿಕೊಂಡರೆ ಸಾಕು: ದೊಡ್ಡ ಸಂಖ್ಯೆಗಳನ್ನು ಭಾಗಿಸುತ್ತ, ಉಳಿದದ್ದನ್ನು ಮತ್ತೆ ಭಾಗಿಸುತ್ತ ಪುಡಿ ಮಾಡುವುದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇದನ್ನು ‘ಕುಟ್ಟೀಕಾರ’ ಎಂದು ಕರೆದು, ಹಣ್ಣಿನ ರಾಶಿಗಳನ್ನು ಹಂಚುವಂಥ ಲೆಕ್ಕಗಳ ಮೂಲಕ ಕಲಿಸುತ್ತಾನೆ.

ಭೌತವಿಜ್ಞಾನಿಗಳಿಗೂ ಇದು ಬೇಕು. ಬೆಳಕಿನ ವ್ಯತಿಕರಣದಿಂದ ಉದ್ದ ಅಳೆಯುವಾಗ ಪಟ್ಟಿಗಳಲ್ಲಿ ಕಾಣುವುದು ತರಂಗದೂರದ ಭಿನ್ನಾಂಶ, ಅಂದರೆ ಶೇಷ ಮಾತ್ರ. ಎಷ್ಟು ಪೂರ್ಣ ತರಂಗಗಳು ಹಿಡಿದಿವೆ ಎಂಬುದು ಕಾಣದು. ಆಗ ಹಲವು ಬಣ್ಣಗಳಲ್ಲಿ ಶೇಷ ಅಳೆದು, ಎಲ್ಲಕ್ಕೂ ಹೊಂದುವ ಉದ್ದವನ್ನು ಹುಡುಕುತ್ತಾರೆ. ಫ್ರಾನ್ಸಿನ ಬೆನ್ವಾ ಹೆಸರಿನೊಂದಿಗೆ ಸೇರಿಕೊಂಡ ಈ ಕ್ರಮಕ್ಕೂ ನಮ್ಮ 59ರ ಲೆಕ್ಕಕ್ಕೂ ತತ್ತ್ವ ಒಂದೇ.

ಶಿಕ್ಷಕರು ತರಗತಿಯಲ್ಲಿ ಹೀಗೆ ಕೇಳಿ ನೋಡಬಹುದು. 1,819ನ್ನು 9ರಿಂದ ಭಾಗಿಸಿದರೆ 1, 11ರಿಂದ ಭಾಗಿಸಿದರೆ 4 ಉಳಿಯುತ್ತದೆ. ಇದೇ ಶೇಷಗಳನ್ನು ಉಳಿಸುವ ಕನಿಷ್ಠ ಸಂಖ್ಯೆ ಯಾವುದು? 1,819ಕ್ಕೆ ಮುಂಚೆ ಅಂಥ ಸಂಖ್ಯೆಗಳು ಎಷ್ಟು? ನಾಲ್ಕು ಉತ್ತರಗಳ ಆಯ್ಕೆ ಕೊಡಬೇಡಿ.