ಸತ್ತವರ ಗುರುತು ಹೇಳುವವರು ಯಾರು?

2009ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಯಸ್ಸು ಕಾಗದದ ಮೇಲೆ ಒಮ್ಮೆಗೇ ಎಂಟು ವರ್ಷ ಏರಿತು. ಅಲ್ಲಿನ ಅಂಕಿಅಂಶ ಬ್ಯೂರೊ 1996–2001ರ ಅವಧಿಗೆ ಕೊಟ್ಟಿದ್ದ ಲೆಕ್ಕದಲ್ಲಿ ಗಂಡಸರ ನಿರೀಕ್ಷಿತ ಆಯಸ್ಸು 59.4 ವರ್ಷ, ಹೆಂಗಸರದು 64.8. ಹೊಸ ಲೆಕ್ಕದಲ್ಲಿ, 2005–07ಕ್ಕೆ, ಅದು 67.2 ಮತ್ತು 72.9 ಆಯಿತು. ಉಳಿದ ಆಸ್ಟ್ರೇಲಿಯನ್ನರಿಗಿಂತ ಹದಿನೇಳು ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತಿದ್ದ ಅಂತರ ಗಂಡಸರಲ್ಲಿ 11.5ಕ್ಕೆ, ಹೆಂಗಸರಲ್ಲಿ 9.7ಕ್ಕೆ ಇಳಿಯಿತು. ಅಷ್ಟು ಕಡಿಮೆ ಅವಧಿಯಲ್ಲಿ ಯಾವ ಜನಸಮುದಾಯದ ಬದುಕೂ ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಲೆಕ್ಕ ಹಾಕುವ ದಾರಿ. ಎರಡನ್ನೂ ಹೋಲಿಸಬೇಡಿ ಎಂದು ಬ್ಯೂರೊ ತಾನೇ ಹೇಳಿತು. ಆ ಹೊಸ ದಾರಿಯ ಹೆಸರು ಜೋಡಣೆ: 2006ರ ಜನಗಣತಿಯ ದಾಖಲೆಗಳನ್ನು ಅದರ ನಂತರದ ಮರಣ ನೋಂದಣಿಗಳೊಂದಿಗೆ ಒಂದೊಂದಾಗಿ ಹೊಂದಿಸಿ ನೋಡುವುದು.

ಇದರ ಅಗತ್ಯ ಯಾಕೆ ಬಿತ್ತು? ಮರಣ ಪ್ರಮಾಣ ಒಂದು ಭಿನ್ನರಾಶಿ. ಮೇಲಿನ ಅಂಶ ಸಾವುಗಳ ಸಂಖ್ಯೆ, ಕೆಳಗಿನ ಛೇದ ಜನಸಂಖ್ಯೆ. ಮೂಲನಿವಾಸಿಗಳ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಬಾಯಿಂದ ಬರುತ್ತವೆ. ಜನಗಣತಿಯಲ್ಲಿ ‘ಈ ವ್ಯಕ್ತಿ ಆದಿವಾಸಿ ಅಥವಾ ಟೊರೆಸ್ ಜಲಸಂಧಿ ದ್ವೀಪವಾಸಿ ಮೂಲದವರೇ?’ ಎಂಬ ಪ್ರಶ್ನೆಗೆ ಮನೆಯವರು ಉತ್ತರಿಸುತ್ತಾರೆ. ಸಾವಿನ ನಂತರ ಅದೇ ಪ್ರಶ್ನೆ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರ ಕೈಯಲ್ಲಿರುವ ನಮೂನೆಯಲ್ಲಿರುತ್ತದೆ. ಮಗಳು ಅಳುತ್ತಾ ಕೂತಿದ್ದಾಳೆ. ಶವಪೆಟ್ಟಿಗೆ ಯಾವುದು, ಪ್ರಾರ್ಥನೆ ಎಷ್ಟು ಗಂಟೆಗೆ ಎಂದು ಕೇಳಿ ಮುಗಿಸಿದವನು ಈ ಪ್ರಶ್ನೆಗೆ ಬಂದಾಗ ಹಿಂಜರಿಯುತ್ತಾನೆ. ಕೇಳಿದರೆ ನೊಂದುಕೊಂಡಾರೇನೋ ಎಂದುಕೊಂಡು, ಮುಖ ನೋಡಿ, ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿಬಿಡುತ್ತಾನೆ. ಒಬ್ಬ ಮೂಲನಿವಾಸಿಯ ಸಾವು ಅಲ್ಲಿಗೆ ಲೆಕ್ಕದಿಂದ ಜಾರಿತು. ನಾರ್ದರ್ನ್ ಟೆರಿಟರಿಯಲ್ಲಿ ಇಂಥದ್ದು ಕಡಿಮೆ. ವಿಕ್ಟೋರಿಯಾದಂಥ ರಾಜ್ಯಗಳ ದಾಖಲೆ ಎಷ್ಟು ಅರೆಬರೆಯಾಗಿತ್ತೆಂದರೆ ಮೂಲನಿವಾಸಿಗಳ ಸಾವಿನ ಅಧಿಕೃತ ವರದಿಗಳು ಬಹುಕಾಲ ಅವನ್ನು ಹೊರಗಿಟ್ಟೇ ಲೆಕ್ಕ ಹಾಕುತ್ತಿದ್ದವು.

ಎಣಿಕೆಯ ಈ ಗಾಯ ಹಳೆಯದು. ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಎಣಿಸಬಾರದು ಎನ್ನುತ್ತಿದ್ದ ಸಂವಿಧಾನದ 127ನೇ ವಿಧಿ ರದ್ದಾದದ್ದು 1967ರ ಜನಮತಗಣನೆಯಿಂದ. ಹಿಂದೆ ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದ ಕುಟುಂಬಗಳಿಂದ ಮಕ್ಕಳನ್ನು ಕಿತ್ತುಕೊಂಡು ಹೋದದ್ದೂ ಉಂಟು. ಚೌಕದಲ್ಲಿ ಗುರುತು ಹಾಕಲು ಅಜ್ಜಿಯೊಬ್ಬಳು ಇವತ್ತಿಗೂ ಹೆದರಿದರೆ ಆ ಭಯಕ್ಕೆ ಕಾರಣವಿದೆ.

ಈ ಕಥೆಯಲ್ಲಿ ನಮ್ಮ ಧಾರವಾಡಕ್ಕೂ ಒಂದು ಜಾಗವಿದೆ. 59.4 ಎಂಬ ಆ ಹಳೆಯ ಸಂಖ್ಯೆ ಬಂದದ್ದು ‘ಭಟ್ ವಿಧಾನ’ದಿಂದ. ಅದನ್ನು ರೂಪಿಸಿದವರು ಪಿ.ಎನ್. ಮಾರಿ ಭಟ್, ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿ ದುಡಿದು ಮುಂದೆ ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದವರು. ಎರಡು ಜನಗಣತಿಗಳ ನಡುವೆ ಪ್ರತಿ ವಯೋಮಾನದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಕಳೆದರು, ವಲಸೆ ಎಷ್ಟು ಎಂದು ತಾಳೆ ನೋಡಿ, ದಾಖಲಾಗದ ಸಾವುಗಳನ್ನು ಅಂದಾಜು ಮಾಡುವ ವಿಧಾನ ಅದು. ಬಹಳ ಚೆಂದದ ಗಣಿತ. ಆಸ್ಟ್ರೇಲಿಯಾದಲ್ಲಿ ಅದು ಎಡವಿದ್ದಕ್ಕೆ ಅಲ್ಲಿನ ವಿಚಿತ್ರ ಪರಿಸ್ಥಿತಿ ಕಾರಣ. ಅಲ್ಲಿ ಹುಟ್ಟಿನಿಂದಲೂ ವಲಸೆಯಿಂದಲೂ ಮಾತ್ರ ಮೂಲನಿವಾಸಿಗಳ ಸಂಖ್ಯೆ ಬೆಳೆಯುವುದಿಲ್ಲ. ಹಿಂದಿನ ಸಲ ಮೂಲ ಹೇಳಿಕೊಳ್ಳದವರು ಈ ಸಲ ಧೈರ್ಯದಿಂದ ಹೇಳಿಕೊಳ್ಳುತ್ತಾರೆ. 2016ರಿಂದ 2021ಕ್ಕೆ ಎಣಿಕೆ ನಾಲ್ಕನೇ ಒಂದು ಭಾಗ ಹೆಚ್ಚಿ 8,12,728 ಆಯಿತು. ಇಂಥ ಬೆಳವಣಿಗೆಯನ್ನು ಯಾವ ಸಮೀಕರಣ ತಾಳಿಕೊಂಡೀತು?

ಹಾಗಾಗಿ ಬ್ಯೂರೊ ಅಂದಾಜು ಬಿಟ್ಟು ದಾಖಲೆಗಳಿಗೇ ಕೈಹಾಕಿತು. 2006ರ ಆಗಸ್ಟ್ 8ರ ಗಣತಿಯ ರಾತ್ರಿಯಿಂದ 2007ರ ಜೂನ್ ಕೊನೆಯವರೆಗಿನ ಸಾವುಗಳನ್ನು ಹೆಸರು, ಹುಟ್ಟಿದ ದಿನಾಂಕ, ಲಿಂಗ, ವಿಳಾಸ ನೋಡಿ ಗಣತಿಯ ದಾಖಲೆಗೆ ಹೊಂದಿಸಿತು. ಬದುಕಿದ್ದಾಗ ಮನೆಯಿಂದ ಬಂದ ಉತ್ತರ ಒಂದು ಕಡೆ, ಸತ್ತ ಮೇಲೆ ನಮೂನೆಗೆ ಬಿದ್ದ ಉತ್ತರ ಇನ್ನೊಂದು ಕಡೆ. ಅವೆರಡರ ವ್ಯತ್ಯಾಸದಿಂದ ನೋಂದಣಿಯ ಲೋಪ ಎಷ್ಟೆಂದು ಅಳೆಯಿತು. ನೋಂದಣಿಯಲ್ಲಿ ಕಾಣದೆ ಹೋದ ಸಾವುಗಳು ಹೀಗೆ ಬೆಳಕಿಗೆ ಬಂದವು. ಇದಕ್ಕಿಂತ ಪ್ರಾಮಾಣಿಕವಾದ ದಾರಿ ಆ ಹೊತ್ತಿಗೆ ಇರಲಿಲ್ಲ ಎಂದೇ ನನ್ನ ನಂಬಿಕೆ.

ಆದರೆ ಹೊಂದದೆ ಉಳಿದ ಸಾವುಗಳ ಗತಿ? ಈ ಅಧ್ಯಯನದ ದುರ್ಬಲ ಜಾಗ ಇದೇ. ಮೂಲನಿವಾಸಿಗಳ ಸಾವುಗಳು ಇತರರ ಸಾವುಗಳಿಗಿಂತ ಬಹಳ ಹೆಚ್ಚಾಗಿ ಹೊಂದದೆ ಉಳಿಯುತ್ತವೆ. ಮೊದಲ ಕಾರಣ, ಗಣತಿಯೇ ಅವರನ್ನು ಮುಟ್ಟಿರುವುದಿಲ್ಲ: 2006ರಲ್ಲಿ ಶೇ. 11.5ರಷ್ಟು, 2021ರಲ್ಲಿ ಶೇ. 17.4ರಷ್ಟು ಮೂಲನಿವಾಸಿಗಳು ಎಣಿಕೆಗೆ ಸಿಗಲಿಲ್ಲ. ಎರಡನೆಯದು ಹೆಸರು. ಮಧ್ಯ ಆಸ್ಟ್ರೇಲಿಯಾದ ಹಲವು ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಬಾಯಿಂದ ಎತ್ತುವುದಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಶೋಕದ ಕಾಲದಲ್ಲಿ ‘ಕುಮಂಜಾಯಿ’ ಎಂದು ಕರೆಯುತ್ತಾರೆ. ಹೆಸರೇ ಹೀಗೆ ಬದಲಾಗುವ ಕಡೆ ಹೆಸರು ಹಿಡಿದು ಹುಡುಕುವ ಯಂತ್ರ ಏನು ಮಾಡೀತು? ಇನ್ನು ಹುಟ್ಟಿದ ದಿನ. ಹಳೆಯ ತಲೆಮಾರಿನ ಎಷ್ಟೋ ಜನರಿಗೆ ಅಧಿಕಾರಿಗಳು ಬರೆದುಕೊಟ್ಟದ್ದು ಜುಲೈ 1. ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದುಕೊಟ್ಟ ಹುಟ್ಟುಹಬ್ಬವನ್ನೇ ಜೀವನಪೂರ್ತಿ ಹೊತ್ತ ನಮ್ಮ ಊರುಗಳ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಣಿಕೆಗೆ ಸಿಗದೆ ಸತ್ತವರು ಮತ್ತು ಎಣಿಕೆಗೆ ಸಿಕ್ಕು ಸತ್ತವರು ಒಂದೇ ಬಗೆಯವರು ಎಂದು ಈ ಲೆಕ್ಕ ಒಪ್ಪಿಕೊಂಡು ಮುಂದೆ ಹೋಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸ್ಥಿರ ವಿಳಾಸವಿಲ್ಲದೆ ಅಲೆಯುವವರು, ಆಸ್ಪತ್ರೆ ಜೈಲುಗಳ ನಡುವೆ ಓಡಾಡುವವರು ಬೇಗ ಸಾಯುತ್ತಾರೆ, ಗಣತಿಯಿಂದ ಬಿಟ್ಟುಹೋಗುವವರೂ ಅವರೇ. ಇನ್ನೂ ಒಂದು ಮಾತಿದೆ. ಗಣತಿಯ ಉತ್ತರವನ್ನು ವ್ಯಕ್ತಿಯ ಸ್ವಂತ ಮಾತು ಎಂದು ತಿಳಿಯುತ್ತೇವೆ, ಆದರೆ ಮನೆಯ ನಮೂನೆಯನ್ನು ತುಂಬುವವರು ಒಬ್ಬರೇ, ವೃದ್ಧಾಶ್ರಮದಲ್ಲಿ ಎಷ್ಟೋ ಸಲ ಸಿಬ್ಬಂದಿ.

ಜೋಡಣೆ ಎಂಥ ಸತ್ಯವನ್ನು ಹೊರತೆಗೆಯಬಲ್ಲದು ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಅಲ್ಲಿ ಸಂಶೋಧಕ ಟೋನಿ ಬ್ಲೇಕ್ಲಿ ಮತ್ತು ಸಂಗಡಿಗರು 1981ರಿಂದ ಮುಂದಿನ ಗಣತಿಗಳನ್ನು, ಪ್ರತಿಯೊಂದರ ನಂತರದ ಮೂರು ವರ್ಷಗಳ ಸಾವುಗಳೊಂದಿಗೆ, ಹೆಸರೇ ಇಲ್ಲದೆ ಜೋಡಿಸಿದರು. 1995ರವರೆಗೆ ಅಲ್ಲಿನ ಮರಣ ನಮೂನೆ ಮೈಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ರಕ್ತ ಎಷ್ಟು ಪಾಲು ಎಂದು ಕೇಳುತ್ತಿತ್ತು; ಹಾಗಾಗಿ ಮಾವೊರಿಗಳ ಎಷ್ಟೋ ಸಾವುಗಳು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಲೋಪ ಸರಿಪಡಿಸಿದಾಗ ಕಂಡದ್ದು ಕಹಿಸತ್ಯ: ಎಂಬತ್ತು ತೊಂಬತ್ತರ ದಶಕದ ಆರ್ಥಿಕ ಸುಧಾರಣೆಗಳ ಕಾಲದಲ್ಲಿ ಇತರರ ಆಯಸ್ಸು ಏರಿದರೆ ಮಾವೊರಿಗಳದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು.

ಆದರೆ ಜೋಡಿಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಆಸ್ಟ್ರೇಲಿಯಾದ ಬ್ಯೂರೊ ತಡವಾಗಿ ಎದುರಿಸಿತು. 2006ರ ಗಣತಿಯ ಕೆಲಸ ಮುಗಿದ ಮೇಲೆ ಹೆಸರುಗಳನ್ನು ನಾಶಮಾಡಿದ್ದರು. 2016ರಲ್ಲಿ ನಾಲ್ಕು ವರ್ಷದವರೆಗೆ ಇಟ್ಟುಕೊಳ್ಳುತ್ತೇವೆ ಎಂದಾಗ ದೇಶದಲ್ಲಿ ಗದ್ದಲವೆದ್ದಿತು, ಕೆಲವು ಸೆನೆಟರ್‌ಗಳೇ ಹೆಸರು ಬರೆಯುವುದಿಲ್ಲ ಎಂದರು. ಪಟ್ಟಿಗಳಿಂದ ನಿಜವಾಗಿ ನೊಂದ ಜನರ ಮಾತು ಆ ಗದ್ದಲದಲ್ಲಿ ಎಷ್ಟು ಕೇಳಿಸಿತು? ಟಾಸ್ಮೇನಿಯಾದ ಪಲಾವಾ ಮೂಲನಿವಾಸಿ ಸಮುದಾಯದ ಸಮಾಜವಿಜ್ಞಾನಿ ಮ್ಯಾಗಿ ವಾಲ್ಟರ್ ವರ್ಷಗಳಿಂದ ಎತ್ತುತ್ತಿರುವ ಆಕ್ಷೇಪವೂ ಇಲ್ಲಿ ಸರಿಯಾಗಿದೆ: ಸರ್ಕಾರದ ಅಂಕಿಅಂಶ ಮೂಲನಿವಾಸಿಗಳ ಕೊರತೆಗಳನ್ನು ಮಾತ್ರ ಎಣಿಸುತ್ತದೆ, ಏನನ್ನು ಎಣಿಸಬೇಕೆಂದು ಅವರನ್ನು ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಜೋಡಣೆಯನ್ನು ಬಿಡಬೇಕೆಂದು ನಾನು ಹೇಳಲಾರೆ. 2015–17ರಲ್ಲಿ ಗಂಡಸರಲ್ಲಿ 8.6, ಹೆಂಗಸರಲ್ಲಿ 7.8 ವರ್ಷ ಇದ್ದ ಆಯಸ್ಸಿನ ಅಂತರ 2020–22ರಲ್ಲಿ 8.8 ಮತ್ತು 8.1 ಆಗಿದೆ. 2031ರೊಳಗೆ ಅಂತರ ಅಳಿಸುತ್ತೇವೆಂದು ಮಾತುಕೊಟ್ಟ ಸರ್ಕಾರಗಳನ್ನು ಪ್ರಶ್ನಿಸಲು ಈ ಲೆಕ್ಕ ಬೇಕು. ಪ್ರತಿ ಸಲವೂ ಆಯಸ್ಸಿನ ಸಂಖ್ಯೆಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹೊಂದದೆ ಉಳಿದ ಸಾವುಗಳ ಸಂಖ್ಯೆಯನ್ನೂ ಅಚ್ಚು ಹಾಕಲಿ. ಮುಂದಿನ ಗಣತಿ 2026ರ ಆಗಸ್ಟ್ 11ಕ್ಕೆ ನಿಗದಿಯಾಗಿದೆ. ಅದರ ನಂತರದ ಸಾವುಗಳನ್ನು ಯಾವ ನಿಯಮದಲ್ಲಿ ಜೋಡಿಸಬೇಕು ಎಂಬುದನ್ನು ಮೂಲನಿವಾಸಿ ಸಂಶೋಧಕರೇ ತೀರ್ಮಾನಿಸಲಿ.