ತಡೆದು ಬೀಳುವ ಪೆಟ್ಟು: ಡಿ ಆಂಜೆಲೊ ಅವರ ಸಂಗೀತ

ಅಮೆರಿಕದ ಗಾಯಕ, ಗೀತಕಾರ ಡಿ ಆಂಜೆಲೊ 2025ರ ಅಕ್ಟೋಬರ್ 14ರಂದು, ತಮ್ಮ 51ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೂರು ದಶಕಗಳ ಕಲಾಜೀವನದಲ್ಲಿ ಅವರು ಸ್ಟುಡಿಯೋದಲ್ಲಿ ಸಿದ್ಧಪಡಿಸಿ ಹೊರತಂದ ಸಂಪುಟಗಳು ಮೂರೇ: ‘ಬ್ರೌನ್ ಶುಗರ್’ (1995), ‘ವೂಡೂ’ (2000), ‘ಬ್ಲ್ಯಾಕ್ ಮೆಸಾಯ’ (2014). ಇಷ್ಟರಿಂದಲೇ ‘ನಿಯೋ ಸೋಲ್’ ಪ್ರಕಾರದ ಮೊದಲ ಸಾಲಿನಲ್ಲಿ ಅವರ ಹೆಸರು ನಿಂತಿದೆ. ಆದರೆ ಅದು ಸಂಗೀತ ವ್ಯಾಪಾರದವರು ಹಚ್ಚಿದ ಚೀಟಿ. ತಾವು ಹಾಡುವುದು ಕಪ್ಪು ಜನರ ಸಂಗೀತವೆಂದಷ್ಟೇ ಅವರು ಹೇಳಿಕೊಳ್ಳುತ್ತಿದ್ದರು.

ವರ್ಜೀನಿಯಾದ ರಿಚ್ಮಂಡ್ ಅವರ ಊರು. ತಂದೆ ಪೆಂಟೆಕೋಸ್ಟಲ್ ಪಂಥದ ಬೋಧಕರು. ಮಗ ಬಾಲ್ಯದಿಂದಲೇ ಇಗರ್ಜಿಯಲ್ಲಿ ಪಿಯಾನೋ ನುಡಿಸಿ ಬೆಳೆದವರು. ಮೊದಲ ಸಂಪುಟದಲ್ಲಿ ಸ್ಮೋಕಿ ರಾಬಿನ್ಸನ್ ಅವರ ಹಳೆಯ ಹಾಡೊಂದನ್ನು ಹಿರಿಯರ ಮನೆಗೆ ಬಂದ ಕಿರಿಯನಂತೆ ವಿನಯದಿಂದ ಹಾಡಿದ್ದಾರೆ. ‘ವೂಡೂ’ವಿನಲ್ಲಿ ರಾಬರ್ಟಾ ಫ್ಲ್ಯಾಕ್ ಅವರ ಪ್ರಸಿದ್ಧ ಹಾಡೊಂದನ್ನು ಎತ್ತಿಕೊಳ್ಳುವಾಗ ಆ ವಿನಯ ಕಾಣಿಸದು. ತಮ್ಮದೇ ಕಂಠವನ್ನು ಪದರ ಪದರವಾಗಿ ಹಾಸಿ, ಹಾಡನ್ನು ಅರೆನಿದ್ರೆಯ ಗುನುಗಾಗಿಸಿದ್ದಾರೆ. ಈ ಐದು ವರ್ಷಗಳ ನಡುವೆ ನಡೆದದ್ದು ತಾಳದ ಸಂಗತಿ.

ಡೆಟ್ರಾಯಿಟ್‌ನ ಜೆ ಡಿಲ್ಲಾ, ತಾಳಯಂತ್ರದ ಪೆಟ್ಟುಗಳನ್ನು ಯಂತ್ರವೇ ಸರಿಪಡಿಸಲು ಬಿಡದೆ, ಬೆರಳು ಬಿದ್ದ ಕ್ಷಣದಲ್ಲೇ ಉಳಿಸಿಕೊಳ್ಳುತ್ತಿದ್ದರು. ಆ ಓರೆನಡೆಯನ್ನು ಮನುಷ್ಯರ ಕೈಯಿಂದ ನುಡಿಸಬೇಕೆಂಬುದು ‘ವೂಡೂ’ವಿನ ಹಟ. ನ್ಯೂಯಾರ್ಕ್‌ನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ವಾದಕರು ಕೂಡಿ ಇದನ್ನು ಸಾಧಿಸಿದರು. ಕ್ವೆಸ್ಟ್‌ಲವ್ ಅವರ ಡ್ರಮ್ ಒಂದೆಡೆ ನಿಂತರೆ, ಪಿನೋ ಪಲ್ಲಾಡಿನೋ ಅವರ ಬೇಸ್ ಅದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ನಮ್ಮಲ್ಲಿ ತಾಳ ಮೊದಲಾದ ಬಳಿಕ ಅರ್ಧ ಅಕ್ಷರ ಬಿಟ್ಟು ಹಾಡನ್ನೆತ್ತುವ ಕ್ರಮವಿದೆ. ಆದರೆ ಅಲ್ಲಿ ಬಿಟ್ಟ ಕಾಲಕ್ಕೆ ಲೆಕ್ಕವಿದೆ. ಇಲ್ಲಿ ತಡೆದು ಬೀಳುವುದು ಪೆಟ್ಟೇ, ಅದಕ್ಕೆ ಅಕ್ಷರದ ಅಳತೆಯಿಲ್ಲ. ಚೆಂಡೆಯ ಖಚಿತ ಪೆಟ್ಟಿಗೆ ಒಗ್ಗಿದ ನಮ್ಮ ಕಿವಿಗೆ ಮೊದಲು ಇದು ತಪ್ಪೆಂದೇ ಕೇಳಿಸಿತು. ಮೂರನೆಯ ಸಲಕ್ಕೆ, ತಾಳ ಜಾರುತ್ತಿದ್ದರೂ ಬೀಳುವುದಿಲ್ಲವೆಂದು ತಿಳಿಯಿತು.

‘ವೂಡೂ’ವಿನ ಒಂದು ಹಾಡಿನ ಚಿತ್ರಿಕೆಯಲ್ಲಿ ಅವರ ಬರಿಮೈಯನ್ನು ತೋರಿಸಿದ್ದರು. ಮುಂದೆ ಕಛೇರಿಗಳಲ್ಲಿ ಅಂಗಿ ಕಳಚೆಂಬ ಕೂಗು ಹಾಡನ್ನು ಮೀರಿಸಿತು. ಇಷ್ಟು ಸೂಕ್ಷ್ಮವಾದ ಕೇಳ್ಮೆಯನ್ನು ಬೇಡುವ ಸಂಗೀತಕ್ಕೆ ನೋಡುಗರಷ್ಟೇ ದೊರೆತದ್ದು ಕ್ರೂರ ಸಂಗತಿ. ಮದ್ಯ, ಮಾದಕವಸ್ತು, ಅಪಘಾತ, ಬಂಧನಗಳ ನಡುವೆ ಹದಿನಾಲ್ಕು ವರ್ಷ ಹೊಸ ಸಂಪುಟ ಬರಲಿಲ್ಲ.

2014ರಲ್ಲಿ ಫರ್ಗ್ಯುಸನ್ ಪಟ್ಟಣದಲ್ಲಿ ಪೊಲೀಸ್ ಅಧಿಕಾರಿಯೊಬ್ಬ ನಿರಾಯುಧ ಕಪ್ಪು ತರುಣನನ್ನು ಗುಂಡಿಟ್ಟು ಕೊಂದ. ಆ ಅಧಿಕಾರಿಯ ಮೇಲೆ ಮೊಕದ್ದಮೆ ಇಲ್ಲವೆಂದು ನವೆಂಬರಿನಲ್ಲಿ ತೀರ್ಮಾನವಾದಾಗ, ಮರುವರ್ಷಕ್ಕಿಟ್ಟಿದ್ದ ‘ಬ್ಲ್ಯಾಕ್ ಮೆಸಾಯ’ವನ್ನು ಡಿ ಆಂಜೆಲೊ ಡಿಸೆಂಬರ್ 15ಕ್ಕೇ ಹೊರತಂದರು. ಸಂಪುಟವನ್ನು ಬಹುತೇಕ ಎಲ್ಲರೂ ಮೆಚ್ಚಿದರು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಮ್ಮ ಒಂದು ತಕರಾರು ಉಳಿದೇ ಇದೆ. ಪ್ರಣಯದ ಹಾಡಿನಲ್ಲಿ ಮಾತು ಮಸುಕಾದರೆ ಕಂಠವೇ ಸಾಕಾದೀತು. ‘ದ ಷರೇಡ್’ ಹಾಗಲ್ಲ: ಮಾತನಾಡಲು ಅವಕಾಶ ಬೇಡಿದವರಿಗೆ ಸಾವು ದೊರಕಿತೆಂಬ ಅಳಲು ಅದರದು. ಅಲ್ಲಿಯೂ ಸಾಹಿತ್ಯ ಗಿಟಾರುಗಳಡಿ ಮುಳುಗಿದೆ. ಮಾತಿನ ಹಕ್ಕು ಕೇಳುವ ಮಾತೇ ಕಿವಿಗೆ ತಲುಪದು! ಅಡಗಿದ ದನಿಯೇ ಅಲ್ಲಿ ಅರ್ಥವೆನ್ನುವವರಿದ್ದಾರೆ. ಅಷ್ಟು ಸುಲಭದಲ್ಲಿ ನಾವು ಒಪ್ಪಲಾರೆವು. ನಮ್ಮ ತಾಳಮದ್ದಳೆಯಲ್ಲಿ ಭಾಗವತರ ಪದ ಚೆಂಡೆಯಡಿ ಹೂತುಹೋದರೆ ಅರ್ಥಧಾರಿ ಬಿಡಿಸಿ ಹೇಳುತ್ತಾನೆ. ಈ ಹಾಡಿಗೆ ಅರ್ಥಧಾರಿಯಿಲ್ಲ. ಅಚ್ಚಾದ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಮತ್ತೆ ಕೇಳಿದ ಮೇಲಷ್ಟೇ ನಮಗೆ ಆ ಸಾಲುಗಳು ಬಿಡಿಬಿಡಿಯಾಗಿ ಕೇಳಿಸಿದವು.